ಒಂದು ಬೀಡಿ ದೂರ

ನಮ್ಮಪ್ಪ ದೂರವನ್ನು ಬೀಡಿಯಲ್ಲಿ ಅಳೆಯುತ್ತಿದ್ದ. ಜಗಳೂರಿನಲ್ಲಿ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಒಂದು ಬೀಡಿ. ನ್ಯಾಮತಿಯಲ್ಲಿ ಬಸ್ ಇಳಿದು ಸಂತೆಗೆ ಅರ್ಧ ಬೀಡಿ. ಹೊನ್ನಾಳಿಯಲ್ಲಿ ಹೊಳೆ ಸೇತುವೆ ದಾಟಿ ಹೋಗಿ ಬರಬೇಕೆಂದರೆ ಎರಡು ಬೀಡಿ. ಗಾಳಿ ಇದ್ದರೆ ಎರಡೂವರೆ, ಯಾಕೆಂದರೆ ಗಾಳಿಗೆ ಬೀಡಿ ಬೇಗ ಉರಿದುಹೋಗುತ್ತದೆ. ಇದು ಅವನೊಬ್ಬನ ಹುಚ್ಚಲ್ಲ. ಅವನ ಜೊತೆ ಸಂತೆ ಮಾಡುವವರೆಲ್ಲ ಹಾಗೇ ಮಾತಾಡುತ್ತಿದ್ದರು. “ಒಂದು ಬೀಡಿ ದೂರ ಐತೆ, ನಡೀರಿ” ಅಂದರೆ ಬೀಡಿಯನ್ನು ಕೈಯಲ್ಲೂ ಮುಟ್ಟದ ಹೆಂಗಸರಿಗೂ ಅರ್ಥವಾಗುತ್ತಿತ್ತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಮೇಲೂ ನನಗೆ ಈ ಅಳತೆಯಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಅದೇ ನನ್ನ ತಪ್ಪು.

ಅಪ್ಪನದು ಕಂಬಳಿ ವ್ಯಾಪಾರ. ನಮ್ಮ ಜಗಳೂರು ಕಡೆ ಕುರಿ ಜಾಸ್ತಿ, ಮಳೆ ಕಮ್ಮಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಮಳೆ ಜಾಸ್ತಿ, ಕುರಿ ಕಮ್ಮಿ. ಅವನ ಬದುಕು ಇಷ್ಟರ ಮೇಲೆ ನಡೆಯುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ನೇಯ್ದ ಕಂಬಳಿ ಕೊಂಡು, ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿ, ಒಂದೊಂದು ದಿನ ಒಂದೊಂದು ಊರಿನ ಸಂತೆಯಲ್ಲಿ ಕೂರುತ್ತಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಚನ್ನಗಿರಿಯ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಕೆಲಸ ಸಿಕ್ಕಿತು. ಅಂದಿನಿಂದ ಚನ್ನಗಿರಿ ಸಂತೆಯ ದಿನ ಅವನ ಊಟ ನನ್ನ ಬಾಡಿಗೆ ರೂಮಿನಲ್ಲಿ. ನಾನು ಕಾಲೇಜು ಮುಗಿಸಿ ಬರುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಕೂತು, ಬೀದಿಯವರನ್ನೆಲ್ಲ ಮಾತಾಡಿಸಿ, ನನ್ನ ಮದುವೆ ವಿಚಾರವನ್ನೂ ಇಬ್ಬರು ಮೂವರ ಕಿವಿಗೆ ಹಾಕಿ ಮುಗಿಸಿರುತ್ತಿದ್ದ.

ಪಾಠದ ಜೊತೆಗೆ ನಾನು ಪಿಎಚ್.ಡಿ.ಗೂ ನೋಂದಾಯಿಸಿಕೊಂಡಿದ್ದೆ. ವಿಷಯ, ಒಳಗೆ ಕಿರಿದಾದ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದರ ಗಣಿತ. ವಿಶ್ವವಿದ್ಯಾಲಯದಲ್ಲಿದ್ದ ನನ್ನ ಗೈಡು ಕೊಟ್ಟ ವಿಷಯ ಅದು. ಅವರು ಮಾತಿನಲ್ಲಿ ಬಲು ಜಿಪುಣರು. ನಾನು ನಾಲ್ಕು ಪುಟದ ಕಾಗದ ಬರೆದರೆ ಅವರಿಂದ ನಾಲ್ಕು ಸಾಲಿನ ಕಾರ್ಡು ಬರುತ್ತಿತ್ತು. ನಿಜ ಹೇಳಬೇಕೆಂದರೆ ನಾನು ರಕ್ತನಾಳವನ್ನು ಕಣ್ಣಾರೆ ಕಂಡವಳಲ್ಲ. ನನ್ನ ಹಾಳೆಯಲ್ಲಿ ಅದೊಂದು ನೆಟ್ಟನೆಯ ಕೊಳವೆ. ಬಾಗುವುದಿಲ್ಲ, ಹಿಗ್ಗುವುದಿಲ್ಲ, ಕವಲೊಡೆಯುವುದಿಲ್ಲ, ಬಲು ಮರ್ಯಾದಸ್ಥ ನಾಳ. ಅದರ ನಡುವೆ ನಾನು ಒಂದು ಉಬ್ಬು ಎಬ್ಬಿಸಿ, ಆ ಉಬ್ಬು ವರ್ಷ ವರ್ಷ ಬೆಳೆದರೆ ಹರಿವು ಹೇಗೆ ಇಳಿಯುತ್ತದೆ ಅಂತ ಸಮೀಕರಣ ಬರೆದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಆ ಕೊಳವೆ ಬಹಳ ಮುದ್ದಾಗಿತ್ತು.

ಒಂದು ಸಂತೆಯ ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ. “ಅಲ್ಲ ತಾಯಿ, ಎರಡು ವರ್ಷದಿಂದ ಬರೀತಾನೇ ಇದೀಯಲ್ಲ, ಏನದು?”

“ರಕ್ತ ಹರಿಯೋ ನಾಳ ಒಳಗೆ ಕಿರಿದಾದ್ರೆ ಏನಾಗುತ್ತೆ ಅಂತ ಲೆಕ್ಕ ಅಪ್ಪಾ.”

“ಏನಾಗ್ತೈತೆ? ಕಮ್ಮಿ ಹರೀತೈತೆ.”

“ಎಷ್ಟು ಕಮ್ಮಿ?”

“ಅಗಲ ಅರ್ಧ ಆದ್ರೆ ಹರಿಯೋದೂ ಅರ್ಧ.”

ಈ ಉತ್ತರಕ್ಕೇ ನಾನು ಕಾಯುತ್ತಿದ್ದೆ. ನನ್ನ ವಿದ್ಯಾರ್ಥಿಗಳೂ ಹಾಗೇ ಹೇಳುತ್ತಿದ್ದರು. “ಇಲ್ಲ. ಅಗಲ ಅರ್ಧ ಆದ್ರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ” ಅಂದೆ.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. “ಅಂದ್ರೆ ರೂಪಾಯಿಗೆ ಒಂದಾಣೆ?”

ಆಣೆ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಅಪ್ಪನ ತಲೆಯೊಳಗೆ ಇನ್ನೂ ಚಲಾವಣೆಯಲ್ಲಿತ್ತು. ನಾಲ್ಕನೇ ಘಾತದ ನಿಯಮವನ್ನು ನಾನು ಕರಿಹಲಗೆ ತುಂಬ ಬರೆದು ಹೇಳುತ್ತಿದ್ದೆ. ಅವನು ಮೂರು ಪದದಲ್ಲಿ ಮುಗಿಸಿದ್ದ. ಮಾರನೇ ದಿನದಿಂದ ನಾನೂ ತರಗತಿಯಲ್ಲಿ ಅದನ್ನೇ ಹೇಳತೊಡಗಿದೆ, ಅಪ್ಪನ ಮಾತು ಅಂತ ಹೇಳದೆ. ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಕೈ ತೊಳೆಯುವಾಗ ಮತ್ತೆ ಕೇಳಿದ.

“ಉಳಿದ ಹದಿನೈದಾಣೆ ಎಲ್ಲಿಗೆ ಹೋಗ್ತೈತೆ?”

“ಎಲ್ಲಿಗೂ ಹೋಗಲ್ಲ. ಇರೋದು ಒಂದೇ ನಾಳ.”

“ಅದು ಹೆಂಗಾಗ್ತೈತೆ? ಸಂತೇಲಿ ಒಂದು ಬಾಗಿಲು ಹಾಕಿದ್ರೆ ಜನ ಇನ್ನೊಂದು ಕಡೆಯಿಂದ ನುಗ್ತಾರೆ” ಅಂದ. ನನಗೆ ರೇಗಿತು. ಎರಡು ವರ್ಷ ಕೂತು ಬರೆದದ್ದಕ್ಕೆ ಕಂಬಳಿ ಮಾರುವವನು ಕೈ ತೊಳೆಯುತ್ತಾ ತಕರಾರು ತೆಗೆಯುವುದೆಂದರೇನು? “ಅದೆಲ್ಲ ನಿಂಗೆ ಗೊತ್ತಾಗಲ್ಲ” ಅಂದುಬಿಟ್ಟೆ.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ. ಆ ವರ್ಷವೆಲ್ಲ ಅಪ್ಪ ಬಂದಾಗ ಎಡಗಾಲಿನ ಮೀನಖಂಡ ತಿಕ್ಕಿಕೊಳ್ಳುತ್ತಿದ್ದ. ನಡೆದರೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ ಅನ್ನುತ್ತಿದ್ದ. ಅದು ವಾಯು ಅಂತ ಅವ್ವ ಎಣ್ಣೆ ಕಾಸಿ ಹಚ್ಚುತ್ತಿದ್ದಳು. ನಾನು ಓದುತ್ತಿದ್ದ ಪ್ರಬಂಧವೊಂದರ ಮೊದಲ ಪುಟದಲ್ಲೇ, ಕಾಲಿನ ರಕ್ತನಾಳ ಕಿರಿದಾದವರಿಗೆ ನಡೆದರೆ ನೋವು, ನಿಂತರೆ ಶಮನ ಅಂತ ಬರೆದಿತ್ತು. ಆ ವಾಕ್ಯವನ್ನು ಹತ್ತು ಸಲವಾದರೂ ಓದಿದ್ದೆ. ಹನ್ನೊಂದನೇ ಸಲ ಓದಿದಾಗ ಅವ್ವ ಎಣ್ಣೆ ಹಚ್ಚುತ್ತಿದ್ದ ಅಪ್ಪನ ಕಾಲು ಕಣ್ಣ ಮುಂದೆ ಬಂತು.

ಮಾರನೇ ವಾರವೇ ಅಪ್ಪನನ್ನು ದಾವಣಗೆರೆಯ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಪಾದದ ಮೇಲೆ, ಮೊಣಕಾಲಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಿನಲ್ಲಿ ಸಿಕ್ಕಿತು, ಎಡಗಾಲಿನಲ್ಲಿ ಸಿಗಲಿಲ್ಲ. ಹೆಬ್ಬೆರಳಿನ ಪಕ್ಕ ಚಪ್ಪಲಿ ಕಚ್ಚಿದ ಸಣ್ಣ ಗಾಯ ಇತ್ತು. ಅದನ್ನು ಬಹಳ ಹೊತ್ತು ನೋಡಿದರು.

“ನೋಡ್ರಿ ಯಜಮಾನ್ರೇ, ಇವತ್ತಿನಿಂದ ಬೀಡಿ ಬಂದ್. ದಿನಾ ನಡೀಬೇಕು. ನೋವು ಬರೋತನಕ ನಡೀರಿ, ನಿಲ್ರಿ, ಹೋದ ಮೇಲೆ ಮತ್ತೆ ನಡೀರಿ” ಅಂದರು. ಆಮೇಲೆ ನನ್ನನ್ನು ಹೊರಗೆ ಕರೆದು, “ನೋವಿಲ್ದೆ ಎಷ್ಟು ದೂರ ನಡೀತಾರೆ ಅಂತ ವಾರವಾರ ಬರೆದಿಡಮ್ಮ. ಅದು ಕಮ್ಮಿಯಾಗ್ತಾ ಬಂದ್ರೆ, ಇಲ್ಲಾ ಗಾಯ ಕಪ್ಪಾದ್ರೆ ತಡ ಮಾಡಬೇಡ. ಆಮೇಲೆ ಪಾದ ತೆಗೀಬೇಕಾಗುತ್ತೆ” ಅಂದರು.

ಬಸ್ಸಿನಲ್ಲಿ ಅಪ್ಪ ನನ್ನ ಮುಖ ನೋಡಿ, “ಹೊರಗೆ ಏನಂದ್ರು?” ಅಂದ. ಮುಚ್ಚಿಡಲು ನನಗೆ ಬರುವುದಿಲ್ಲ, ಹೇಳಿದೆ. ಅವನು ಸಂತೇಬೆನ್ನೂರು ಬರುವ ತನಕ ಚಪ್ಪಲಿ ಬಿಟ್ಟು ಆ ಗಾಯವನ್ನೇ ನೋಡುತ್ತಿದ್ದ. ಆಮೇಲೆ, “ಒಂದು ಕಾಲಲ್ಲಿ ಕಂಬಳಿ ಮಾರಾಕೆ ಆಗಲ್ಲ ಬಿಡು. ಕೂತಲ್ಲಿಗೆ ಯಾರು ಬರ್ತಾರೆ” ಅಂದ. ನಗುತ್ತಾ ಹೇಳಿದ, ಆದರೆ ಕೈ ಮೊಣಕಾಲ ಮೇಲೇ ಇತ್ತು. ನನಗೆ ಅಳು ಬಂತು. ಅವನಿಗೆ ಕಾಣದಿರಲಿ ಅಂತ ಕಿಟಕಿ ಕಡೆ ತಿರುಗಿ ಕೂತೆ.

ಜಗಳೂರಿನಲ್ಲಿ ಅವ್ವನಿಗೆ ಡಾಕ್ಟರ ಮಾತು ಒಂಚೂರೂ ಹಿಡಿಸಲಿಲ್ಲ. “ನೋಯೋ ಕಾಲಲ್ಲಿ ನಡೀರಿ ಅನ್ನೋನು ಯಾವ ಸೀಮೆ ಡಾಕ್ಟರು?” ಅಂತ ಜಗುಲಿ ಮೇಲೆ ಮಂಚ ಹಾಕಿ ಅವನನ್ನು ಕೂರಿಸಿದಳು. ಓಣಿಯವರೂ ಅವಳ ಕಡೆಯೇ. ಅಪ್ಪ ಮಂಚ ಕಂಡರೆ ಕೂರುವ ಜಾತಿಯಲ್ಲ, ಸಂತೆ ಬಿಡಲಿಲ್ಲ. ಬೀಡಿ ಮಾತ್ರ “ಕಮ್ಮಿ ಮಾಡೀನಿ” ಅನ್ನುತ್ತಿದ್ದ.

ಸರಿ, ನಾನು ಗ್ರಾಫ್ ಹಾಳೆ ತೆಗೆದೆ. ಮೊದಲ ದಿನ, ‘ಇದೊಂದೇ’ ಅಂತ ಬೀಡಿ ಹಚ್ಚಿದ ಅಪ್ಪನ ಜೊತೆ ನಡೆದು ಲೆಕ್ಕ ಹಾಕಿದೆ. ಅವನಿಗೆ ನೋವು ಬಂದದ್ದು ಸರಿಯಾಗಿ ಒಂದು ಬೀಡಿ ಮುಗಿದಾಗ, ನಾನೂರು ಹೆಜ್ಜೆಗೆ. ಒಂದು ಬೀಡಿಗೆ ನಾನೂರು ಹೆಜ್ಜೆ ಅಂತ ಬರೆದುಕೊಂಡೆ. ಮುಂದಿನ ವಾರ ಕಾಲೇಜಿನಿಂದ ಬಂದವಳು, “ಎಷ್ಟು ದೂರಕ್ಕೆ ನೋವು ಬಂತು?” ಅಂತ ಕೇಳಿದೆ. “ಒಂದು ಬೀಡಿ” ಅಂದ. ಅದರ ಮುಂದಿನ ವಾರ? ಒಂದು ಬೀಡಿ. ಮೂರು ತಿಂಗಳು ಒಂದೇ ಉತ್ತರ. ನನ್ನ ಸಮೀಕರಣದ ಪ್ರಕಾರ ಗೆರೆ ಇಳಿಯಬೇಕಿತ್ತು, ಹಾಳೆಯ ಮೇಲೆ ಅದು ಹೊನ್ನಾಳಿ ಸೇತುವೆಯಷ್ಟು ಸಮತಟ್ಟಾಗಿತ್ತು. ನನ್ನ ಸಮೀಕರಣ ಸುಳ್ಳಾಗುವುದನ್ನು ನಾನು ಅಷ್ಟು ಖುಷಿಯಿಂದ ನೋಡಿದ್ದು ಅದೇ ಮೊದಲು. ಗೈಡಿಗೆ ನಾಲ್ಕು ಪುಟ ಬರೆದೆ. ಕಾರ್ಡು ಬಂತು: ‘ಸಂತೋಷ. ಅಳತೆ ಯಾರು ಮಾಡುತ್ತಿದ್ದಾರೆ?’

ಆ ಪ್ರಶ್ನೆಗೆ ನಾನು ಉತ್ತರಿಸಲೇ ಇಲ್ಲ. ಒಂದು ಸಂತೆಯ ದಿನ ಕಾಲೇಜು ಬೇಗ ಬಿಟ್ಟಿತು. ಅಪ್ಪನನ್ನು ಕರೆದುಕೊಂಡು ಬರೋಣ ಅಂತ ಸಂತೆಗೇ ಹೋದೆ. ಉಳಿದ ಕಂಬಳಿಯ ಗಂಟು ಹೆಗಲಿಗೇರಿಸಿ, ಬೀಡಿ ಹಚ್ಚಿ ಹೊರಟ. ಕಮ್ಮಿ ಮಾಡಿದ ಮನುಷ್ಯ. ನಾನು ಬಯ್ಯುತ್ತಲೇ ಹೆಜ್ಜೆ ಎಣಿಸುತ್ತಿದ್ದೆ. ಇನ್ನೂರಕ್ಕೆ ಅವನು ನಿಂತ. ಬೀಡಿ ಇನ್ನೂ ಅರ್ಧ ಇತ್ತು. ಹೂವಿನವಳ ಜೊತೆ ಮಾತಾಡುತ್ತಾ ನಿಂತಲ್ಲೇ ಉಳಿದರ್ಧ ಸೇದಿದ. ಬೀಡಿ ಮುಗಿಯಿತು, ನೋವೂ ಹೋಯಿತು, “ನಡಿ” ಅಂದ.

“ಯಾಕೆ ನಿಂತೆ?”

“ಕಾಲು ಹಿಡೀತು.”

“ಮತ್ತೆ ಒಂದು ಬೀಡಿ ದೂರ ಅಂತೀಯ?”

“ಒಂದು ಬೀಡಿ ಆತಲ್ಲ. ನೀನೇ ನೋಡಿದ್ಯಲ್ಲ.”

ಅವನು ಸುಳ್ಳು ಹೇಳಿರಲಿಲ್ಲ. ಒಂದು ನೋವಿಗೆ ಒಂದು ಬೀಡಿ, ಅದು ಮಾತ್ರ ಬದಲಾಗಿರಲಿಲ್ಲ. ಅದರೊಳಗೆ ನಡಿಗೆ ಕುಗ್ಗುತ್ತಾ, ನಿಲ್ಲುವುದು ಹಿಗ್ಗುತ್ತಾ ಬಂದಿತ್ತು. ಸಂತೆಯಿಂದ ನನ್ನ ರೂಮಿಗೆ ಸಾವಿರದ ನಾನೂರು ಹೆಜ್ಜೆ, ಮೂರೂವರೆ ಬೀಡಿಯ ದಾರಿ. ಅವತ್ತು ಅದಕ್ಕೆ ಏಳು ಬೀಡಿ ಹಿಡಿಯಿತು. ಮೂರು ತಿಂಗಳು ನಾನು ರೋಗವನ್ನು ರೋಗ ತಂದ ಬೀಡಿಯಲ್ಲೇ ಅಳೆದು, ಎಲ್ಲಾ ಚೆನ್ನಾಗಿದೆ ಅಂತ ಗೈಡಿಗೆ ಬರೆದು ಕೂತಿದ್ದೆ. ರೂಮಿಗೆ ಬಂದವಳೇ ಚಪ್ಪಲಿ ಬಿಡಿಸಿ ನೋಡಿದೆ. ಗಾಯ ಅಗಲವಾಗಿತ್ತು, ಪುಣ್ಯಕ್ಕೆ ಕಪ್ಪಾಗಿರಲಿಲ್ಲ.

ದಾವಣಗೆರೆಯಲ್ಲಿ ಡಾಕ್ಟರು ಇಬ್ಬರಿಗೂ ಬಯ್ದರು, ನನಗೆ ಸ್ವಲ್ಪ ಜಾಸ್ತಿ. “ಯುಗಾದಿತನಕ ನೋಡೋಣ. ಅಷ್ಟರಲ್ಲಿ ಗಾಯ ಮಾಯದಿದ್ರೆ ನನ್ನ ಕೈಲಿ ಏನೂ ಇಲ್ಲ” ಅಂದರು. ಯುಗಾದಿಗೆ ಆರು ತಿಂಗಳಿತ್ತು. ಅಪ್ಪ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಬೀಡಿಕಟ್ಟು, ಬೆಂಕಿಪೊಟ್ಟಣ ಎರಡನ್ನೂ ನನ್ನ ಕೈಗೆ ಕೊಟ್ಟ. ಆಮೇಲೆ ನಿಜವಾಗಿಯೂ ಚಿಂತೆಯಿಂದ ಕೇಳಿದ. “ಬೀಡಿ ಬಿಟ್ರೆ ದೂರ ಅಳೆಯೋದು ಹೆಂಗೆ?”

ಹೊಸ ಅಳತೆ ಅವನ ಕಂಬಳಿ ಗಂಟಿನೊಳಗಿನಿಂದಲೇ ಬಂತು. ಕಂಬಳಿಯ ಅಂಚು ಹೊಲಿಯಲು ಅವನ ಹತ್ತಿರ ಸದಾ ಕರಿ ಉಣ್ಣೆಯ ದಾರ ಇರುತ್ತಿತ್ತು. ಸಂತೆಯಿಂದ ನನ್ನ ರೂಮಿಗೆ ಬರುವಾಗ ಮೊಳದುದ್ದ ದಾರ ಕೈಯಲ್ಲಿ ಹಿಡಿಯಬೇಕು, ಕಾಲು ಹಿಡಿದು ನಿಂತಾಗಲೆಲ್ಲ ಒಂದು ಗಂಟು ಹಾಕಬೇಕು. ಬೀಡಿ ಇಲ್ಲದ ಕೈಗೆ ಒಂದು ಕೆಲಸವೂ ಆಯಿತು. ಮೊದಲ ವಾರದ ದಾರದಲ್ಲಿ ಏಳು ಗಂಟು. ಅದನ್ನು ಗ್ರಾಫ್ ಹಾಳೆಗೆ ಅಂಟಿಸಿ ತಾರೀಕು ಬರೆದೆ.

ಬೀಡಿ ಬಿಡುವುದು ಬಾಯಲ್ಲಿ ಹೇಳಿದಷ್ಟು ಸುಲಭವೇ? ಒಂದು ಭಾನುವಾರ ನಾನು ಜಗಳೂರಿಗೆ ಹೋಗಿದ್ದೆ. ಅಪ್ಪ ಕೆರೆ ಕಡೆ ನಡೆದು ಬಂದು ಜಗುಲಿಯಲ್ಲಿ ಕೂತ. “ಎಷ್ಟು ದೂರ ಹೋಗಿದ್ದೆ?” ಅಂದೆ. “ಏರಿತನಕ, ಒಂದೂವರೆ ಬೀಡಿ” ಅಂದ. ಅದು ಬರೀ ಅಳತೆ, ನಾನೇನೂ ಅಂದುಕೊಳ್ಳಲಿಲ್ಲ. ಆದರೆ ಹಾಗೆಂದವನ ಕೈ ತಾನಾಗಿ ಅಂಗಿಯ ಜೇಬು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವ್ವ ಬಂದು ಜೇಬಿಗೆ ಕೈ ಹಾಕಿದಳು. ಅರ್ಧ ಬೀಡಿ ಸಿಕ್ಕಿತು. ಅವ್ವ ಬಯ್ಯಲಿಲ್ಲ, ಅದನ್ನು ಹಿಡಿದುಕೊಂಡು ಅಲ್ಲೇ ಕೂತು ಅತ್ತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವ್ವ ಅವನಿಗೋಸ್ಕರ ಅತ್ತದ್ದನ್ನು ಅಪ್ಪ ನೋಡಿರಲಿಲ್ಲವಂತೆ. ಮಾರನೇ ದಿನ ಅವಳೇ ಜಗುಲಿಯ ಮಂಚವನ್ನು ಒಳಗೆ ಸಾಗಿಸಿದಳು. ಅಂದಿನಿಂದ ಅವನು ನಡೆಯಲು ಹೊರಟರೆ ಸೆರಗು ಬಿಗಿದು ಅವಳೂ ಹಿಂದೆ. ಅದು ಕಾಲಿನ ಕಾಳಜಿಯೋ ಬೀಡಿಯ ಕಾವಲೋ ಅಂತ ಅಪ್ಪ ಚುಡಾಯಿಸುತ್ತಿದ್ದ.

ಗಂಟು ಏಳರಿಂದ ಆರಕ್ಕೆ ಬಂತು. ಎರಡು ವಾರ ಆರರಲ್ಲೇ ನಿಂತು, ಒಂದು ಸಲ ಮತ್ತೆ ಏಳಾಗಿ ನನ್ನ ನಿದ್ದೆ ಕೆಡಿಸಿ, ಆಮೇಲೆ ಐದಕ್ಕೆ ಇಳಿಯಿತು. ನಾನು ಖುಷಿಪಡಲು ಹೆದರಿದೆ. ಒಮ್ಮೆ ಖುಷಿಪಟ್ಟು ಕೆಟ್ಟವಳು. ನನ್ನ ಸಮೀಕರಣದಲ್ಲಿ ಉಬ್ಬು ಕರಗುವ ಮಾತೇ ಇರಲಿಲ್ಲ. ಮತ್ತೆ ಇದು ಹೇಗೆ? ಎರಡು ಸಲ ಕಾಲೇಜಿಗೆ ರಜೆ ಹಾಕಿ ಅವನ ಹಿಂದೆಯೇ ಹೆಜ್ಜೆ ಎಣಿಸುತ್ತಾ ನಡೆದೆ. ಲೆಕ್ಕ ಸರಿಯಾಗಿತ್ತು.

ಡಾಕ್ಟರನ್ನು ಕೇಳಿದೆ. ಅವರು ನನ್ನ ಹಾಳೆಯ ಕೊಳವೆಯನ್ನು ನೋಡಿ ನಕ್ಕರು. “ಕಾಲಿನೊಳಗೆ ಇದೊಂದೇ ನಾಳ ಅಲ್ಲಮ್ಮ. ಅಕ್ಕಪಕ್ಕ ಸಣ್ಣ ಸಣ್ಣವು ಬೇಕಾದಷ್ಟಿವೆ. ದೊಡ್ಡದು ಕಟ್ಟಿಕೊಂಡಾಗ ನಡೀತಾ ನಡೀತಾ ಅವು ಅಗಲ ಆಗ್ತವೆ. ಸುತ್ತು ಬಳಸಿ ರಕ್ತ ಕೆಳಗೆ ತಲುಪುತ್ತೆ.”

ಅಪ್ಪ ಪಕ್ಕದಲ್ಲೇ ಕೂತಿದ್ದ. “ನಾನು ಅವತ್ತೇ ಕೇಳಿದ್ದೆ ಸಾಹೇಬ್ರೇ, ಉಳಿದ ಹದಿನೈದಾಣೆ ಎಲ್ಲಿಗೆ ಹೋಗ್ತೈತೆ ಅಂತ. ನಿಂಗೆ ಗೊತ್ತಾಗಲ್ಲ ಅಂದ್ಲು” ಅಂದ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನನಗೆ ನಾಚಿಕೆಯಾಗಿ ಮುಖ ಕೆಂಪಾಯಿತು.

ಬಸ್ಸಿನಲ್ಲಿ ಅವನು ತನ್ನದೇ ಮಾತಿನಲ್ಲಿ ಬಿಡಿಸಿ ಹೇಳಿದ. ಬಂಡಿದಾರಿಯಲ್ಲಿ ಹಳ್ಳ ಕೊರೆದರೆ ಮೊದಲು ಒಬ್ಬ ಪಕ್ಕದ ಬೀಳಿನಲ್ಲಿ ನಡೆದು ಹೋಗುತ್ತಾನೆ, ಹಿಂದೆ ನಾಲ್ಕು ಜನ, ಆಮೇಲೆ ಎತ್ತು. ಒಂದು ವರ್ಷದಲ್ಲಿ ಬಂಡಿಯೇ ಹೋಗುವಷ್ಟು ದಾರಿಯಾಗುತ್ತದೆ. ಯಾರೂ ನಡೆಯದಿದ್ದರೆ ಆಗುವುದಿಲ್ಲ. ನಾನು ರೂಮಿಗೆ ಬಂದು ಮರ್ಯಾದಸ್ಥ ಕೊಳವೆಯ ಪಕ್ಕ ಸಣ್ಣ ಕೊಳವೆಗಳನ್ನು ಎಳೆದೆ. ನಡೆದಷ್ಟೂ ಅವು ಹಿಗ್ಗುವ ಹಾಗೆ ಸಮೀಕರಣ ಬದಲಾಯಿಸಿದೆ. ಹೊಸ ಗೆರೆ ಅಪ್ಪನ ಗಂಟುಗಳ ಹತ್ತಿರಕ್ಕೆ ಬಂತು. ಈ ಸಲ ಗೈಡಿಗೆ ಒಂದೇ ಪುಟ ಬರೆದೆ. ಕಾರ್ಡು ಬಂತು: ‘ಇದು ಕೊನೆಯ ಅಧ್ಯಾಯವಾಗಲಿ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ.’ ಅಪ್ಪ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೊನ್ನಾಳಿ, ನ್ಯಾಮತಿ ಸಂತೆಯವರಿಗೆಲ್ಲ ತೋರಿಸಿದನಂತೆ. ಬೀಡಿ ಇಡುತ್ತಿದ್ದ ಜೇಬು ಅದು.

ಗಂಟು ಮೂರಾಯಿತು, ಎರಡಾಯಿತು. ಹೆಬ್ಬೆರಳ ಗಾಯದ ಅಂಚು ಒಳಮುಖವಾಗಿ ಮಾಯುತ್ತಾ ಬಂತು. ಆದರೂ ಯುಗಾದಿ ಹತ್ತಿರವಾದಷ್ಟೂ ನನ್ನ ಜೀವ ಹಿಡಿಯಾಗುತ್ತಿತ್ತು.

ಹಬ್ಬದ ಹಿಂದಿನ ಸಂತೆ. ಅವತ್ತು ನನಗೆ ಕಾಲೇಜಿನಿಂದ ಬೇಗ ಬರಲಾಗಲಿಲ್ಲ. ಅಪ್ಪ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯವರ ಜೊತೆ ಬೇವು-ಬೆಲ್ಲದ ವಿಚಾರ ಮಾತಾಡುತ್ತಿದ್ದ. ಎಂದಿನಂತೆ ಕೈ ಚಾಚಿದೆ. ದಾರ ಕೊಟ್ಟ. ಅದರಲ್ಲಿ ಒಂದೂ ಗಂಟಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಅಳತೆಯಲ್ಲಿ ಮೋಸ ಅನ್ನಿಸಿತು. “ಯಾರ ಗಾಡಿ ಹತ್ತಿ ಬಂದೆ? ಇಲ್ಲಾ ಗಂಟು ಹಾಕೋದು ಮರೆತ್ಯಾ? ನಿನ್ನ ಕಾಲಿಗೋಸ್ಕರ ನಾನಿಲ್ಲಿ ವಾರ ವಾರ ಜೀವ ಕೈಲಿ ಹಿಡ್ಕೊಂಡು ಕೂತಿದ್ರೆ ನಿಂಗೆ ಆಟ” ಅಂತ ಬೀದಿಗೆ ಕೇಳುವಂತೆ ಕೂಗಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

“ಗಾಡಿ ಹತ್ತಲಿಲ್ಲ ತಾಯಿ. ದಾರ ಕೈಯಾಗೇ ಇತ್ತು. ಗಂಟು ಹಾಕಾಕೆ ನಿಲ್ಲಬೇಕಲ್ಲ” ಅಂದ. “ಎಲ್ಲೂ ನಿಲ್ಲಲಿಲ್ಲ.”

ನಾನು ಅಲ್ಲೇ ಅವನ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನ ಎಡಪಾದವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು ಚಪ್ಪಲಿ ಬಿಡಿಸಿದೆ. ಪಾದ ಬೆಚ್ಚಗಿತ್ತು. ಗಾಯವಿದ್ದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ಪಕ್ಕದ ಮನೆಯವರು ನೋಡುತ್ತಿದ್ದರು. ಪಾದ ಹಿಡಿದುಕೊಂಡು ನಾನು ಜೋರಾಗಿ ಅತ್ತೆ. ಅಪ್ಪ ಕಾಲು ಎಳೆದುಕೊಳ್ಳಲಿಲ್ಲ. ನನ್ನ ಕೈಯಿಂದ ಮೆಟ್ಟಿಲ ಮೇಲೆ ಬಿದ್ದಿದ್ದ ಗಂಟಿಲ್ಲದ ದಾರವನ್ನು ಎತ್ತಿ, “ನಿನ್ನ ಹಾಳೆಗೆ ಅಂಟಿಸ್ಕೋ” ಅಂತ ಮತ್ತೆ ನನ್ನ ಕೈಗಿಟ್ಟ.